ಬೀಜವೋ, ನೆಲವೋ, ದಾರಿಯೋ? ಕ್ಯಾನ್ಸರ್ ಹರಡುವ ಬಗೆ ಮೊದಮೊದಲು ತಿಳಿದದ್ದು ಹೇಗೆ

ಹಳೇಹಾಳೆ

ಕ್ಯಾನ್ಸರ್ ಹರಡುವ ಮಾತು ಬಂದಾಗಲೆಲ್ಲ “ಬೀಜ ಮತ್ತು ನೆಲ, ಸ್ಟೀಫನ್ ಪೇಜೆಟ್, 1889” ಅಂತ ಒಂದು ಸಾಲು ಹಾಕಿ ಮುಂದೆ ಹೋಗ್ತಾರೆ. ಪೇಜೆಟ್ ಲಂಡನ್ನಿನ ಶಸ್ತ್ರವೈದ್ಯ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆ ಲೇಖನ ತೆಗೆದು ಓದಿದರೆ ಅದರ ಜೀವಾಳ ಉಪಮೆಯಲ್ಲ, ಲೆಕ್ಕ. ಅದನ್ನೇ ಇಲ್ಲಿ ಚರ್ಚೆಗೆ ಇಡ್ತಿದ್ದೀನಿ.

ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಜನರ ಶವಪರೀಕ್ಷೆಯ ದಾಖಲೆಗಳನ್ನು ಪೇಜೆಟ್ ಒಟ್ಟು ಹಾಕಿದ. ಲಿವರ್‌ನಲ್ಲಿ ಗಡ್ಡೆ ಇದ್ದದ್ದು 241 ಮಂದಿಗೆ, ಗುಲ್ಮದಲ್ಲಿ (ಸ್ಪ್ಲೀನ್) ಬರೀ 17 ಮಂದಿಗೆ. ಎರಡಕ್ಕೂ ಮಹಾಪಧಮನಿಯ ಒಂದೇ ಕವಲಿನಿಂದ ರಕ್ತ ಹೋಗುತ್ತೆ. ಗುಲ್ಮಕ್ಕೆ ಹೋಗುವ ಅಪಧಮನಿಯೇ ಲಿವರ್‌ಗೆ ಹೋಗುವುದಕ್ಕಿಂತ ದಪ್ಪ. ಕ್ಯಾನ್ಸರಿನ ತುಣುಕು ರಕ್ತದಲ್ಲಿ ತೇಲಿಬಂದು ಸಿಕ್ಕಿದಲ್ಲಿ ಸಿಕ್ಕಿಕೊಂಡು ಬೆಳೆಯೋದೇ ನಿಜವಾಗಿದ್ದರೆ ಗುಲ್ಮಕ್ಕೂ ಅದರ ಪಾಲು ಬರಬೇಕಿತ್ತು. ಹದಿನಾಲ್ಕಕ್ಕೆ ಒಂದು ಯಾಕೆ? ಇದಕ್ಕೆ ತಾಳೆ ನೋಡೋದಕ್ಕೆ ಅಂತ ಪಯೀಮಿಯಾದ ದಾಖಲೆಗಳನ್ನೂ ತೆಗೆದ. ಕೀವು ರಕ್ತಕ್ಕೆ ಸೇರಿ ಕಂಡ ಕಂಡ ಅಂಗದಲ್ಲಿ ಬಾವು ಏಳಿಸುವ ಕಾಯಿಲೆ ಅದು. ಅಲ್ಲಿ ಗುಲ್ಮಕ್ಕೆ ಇಂಥ ವಿನಾಯಿತಿ ಇರಲಿಲ್ಲ.

ಅಂದರೆ ತುಣುಕು ತಲುಪೋದು ಒಂದು ಮಾತು, ತಲುಪಿದ್ದು ಬದುಕಿ ಬೆಳೆಯೋದು ಇನ್ನೊಂದು ಮಾತು. ಬೀಜ ಎಲ್ಲ ದಿಕ್ಕಿಗೂ ಹೋಗುತ್ತೆ, ಒಗ್ಗುವ ನೆಲದಲ್ಲಿ ಬಿದ್ದರೆ ಮಾತ್ರ ಬದುಕುತ್ತೆ ಅಂತ ಅವನು ಬರೆದದ್ದು ಈ ಲೆಕ್ಕದ ಬಲದ ಮೇಲೆ. ಲೇಖನದ ಕೊನೆಯಲ್ಲಿ ತನ್ನನ್ನು ತಾನು ಉಳುವವನು ಅಂತ ಕರಕೊಳ್ತಾನೆ. ಬೀಜದ ಸ್ವಭಾವ ಓದುವವರು ಸಸ್ಯವಿಜ್ಞಾನಿಗಳ ಹಾಗೆ, ಹಳೇ ದಾಖಲೆ ಮಗುಚಿ ಹಾಕುವವನು ಬರೀ ಉಳುವವನು, ಆದರೂ ನೆಲದ ಗುಣದ ಬಗ್ಗೆ ಅವನು ಕಂಡದ್ದು ಉಪಯೋಗಕ್ಕೆ ಬಂದೀತು ಅನ್ನೋ ಅರ್ಥದ ಮಾತು. ಇಷ್ಟು ವಿನಯದ ಕೊನೆ ಇಂದಿನ ಸಂಶೋಧನಾ ಲೇಖನಗಳಲ್ಲಿ ಸಿಗೋದಿಲ್ಲ ಬಿಡಿ.

ಯಾವ ಅಂಗಕ್ಕೆ ಯಾವ ಕ್ಯಾನ್ಸರ್ ಒಲಿಯುತ್ತೆ ಅನ್ನೋ ಯೋಚನೆಗೆ ತಾನೇ ಮೊದಲಿಗ ಅಂತ ಪೇಜೆಟ್ ಹೇಳಿಕೊಂಡಿಲ್ಲ. ವಿಯೆನ್ನಾದ ಕಣ್ಣಿನ ವೈದ್ಯ ಅರ್ನ್ಸ್ಟ್ ಫುಕ್ಸ್ 1882ರಲ್ಲಿ ಕಣ್ಣಿನ ಗಡ್ಡೆಗಳ ಬಗ್ಗೆ ಬರೆದದ್ದನ್ನು ಅವನೇ ನೆನೆಯುತ್ತಾನೆ.

ಸ್ಲೈಡ್‌ಬಾಕ್ಸ್

ಹಳೇಹಾಳೆ ಸರ್, ಒಳ್ಳೆ ಆರಂಭ. ಒಂದು ಸೇರಿಸ್ತೀನಿ. ಪೇಜೆಟ್ ಸ್ತನವನ್ನೇ ಆರಿಸಿಕೊಂಡದ್ದರಲ್ಲೇ ಅರ್ಧ ಜಾಣತನ ಇದೆ. ಜಠರದ ಅಥವಾ ಕರುಳಿನ ಕ್ಯಾನ್ಸರ್ ತಗೊಂಡಿದ್ದರೆ ವಾದ ಅಲ್ಲೇ ಬಿದ್ದುಹೋಗ್ತಿತ್ತು. ಆ ಅಂಗಗಳ ರಕ್ತ ಪೋರ್ಟಲ್ ಅಭಿಧಮನಿಯಲ್ಲಿ ನೇರ ಲಿವರ್‌ಗೆ ಹೋಗುತ್ತೆ, ಲಿವರ್‌ನಲ್ಲಿ ಗಡ್ಡೆ ಹೆಚ್ಚು ಇದ್ದರೆ “ದಾರಿಯೇ ಅಲ್ಲಿಗಿದೆ” ಅಂತ ಹೇಳಿ ಮುಗಿಸಬಹುದು. ಸ್ತನದ ರಕ್ತ ಹಾಗಲ್ಲ. ಮೊದಲು ಹೃದಯದ ಬಲಭಾಗ, ಅಲ್ಲಿಂದ ಶ್ವಾಸಕೋಶ, ಮತ್ತೆ ಎಡಭಾಗ, ಆಮೇಲೆ ಅಪಧಮನಿಗಳ ಮೂಲಕ ಲಿವರ್‌ಗೂ ಗುಲ್ಮಕ್ಕೂ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿರ್ತಾರೆ. ಹೋಲಿಕೆ ನ್ಯಾಯವಾಗಿದೆ.

ಆದರೆ ಶವಪರೀಕ್ಷೆಯ ಕೋಷ್ಟಕವನ್ನು ಹಾಗೇ ನಂಬೋ ಹಾಗಿಲ್ಲ. ಆ 735 ದಾಖಲೆಗಳು ಬೇರೆ ಬೇರೆ ಆಸ್ಪತ್ರೆಯವು, ಬೇರೆ ಬೇರೆ ಕೈಗಳು ಬರೆದವು. “ಗುಲ್ಮದಲ್ಲಿ ಏನೂ ಇಲ್ಲ” ಅಂದರೆ ಕೊಯ್ದು ಬರಿಗಣ್ಣಿಗೆ ಏನೂ ಕಾಣಲಿಲ್ಲ ಅಂತ ಅರ್ಥ. ಗುಲ್ಮ ಸತ್ತ ಮೇಲೆ ಬೇಗ ಮೆತ್ತಗಾಗುವ ಅಂಗ. ಒಳಗೆ ಬಿಳಿ ಚುಕ್ಕೆಗಳು ಸಹಜವಾಗಿಯೇ ಇರ್ತವೆ. ಒಂದೆರಡು ಮಿ.ಮೀ.ಯ ಗಡ್ಡೆ ಅದರಲ್ಲಿ ತಪ್ಪಿಸಿಕೊಳ್ಳೋದು ಸುಲಭ. ಲಿವರ್‌ನಲ್ಲಿ ಹಾಗಲ್ಲ, ಕಂದು ಬಣ್ಣದ ಮೇಲೆ ಬಿಳಿ ಗಂಟು ಎದ್ದು ಕಾಣುತ್ತೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತು ಅನ್ನೋದೂ ಅಷ್ಟು ಸಲೀಸಲ್ಲ. 5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ಯ ಸಾವಿರದ ಒಂದು ಪಾಲು) ದಪ್ಪದ ಪದರ ಕೊಯ್ದರೆ ಒಂದು ಸೆಂ.ಮೀ. ಅಂಗಾಂಶಕ್ಕೇ 2000 ಪದರ ಆಗುತ್ತೆ. ಯಾರೂ ಅಷ್ಟು ನೋಡೋದಿಲ್ಲ. ಒಂದೆರಡು ತುಂಡು, ಒಂದೆರಡು ಸ್ಲೈಡ್, ಅಷ್ಟೇ. ಹಾಗಾಗಿ “17” ಅನ್ನೋದು ಕನಿಷ್ಠ ಸಂಖ್ಯೆ ಅಂತ ಓದಬೇಕು. ಆದರೂ 17ನ್ನು ಮೂರು ಪಟ್ಟು ಮಾಡಿದರೂ 51. 241ರ ಹತ್ತಿರಕ್ಕೂ ಬರೋದಿಲ್ಲ. ಲೆಕ್ಕ ಒರಟಾದರೂ ವ್ಯತ್ಯಾಸ ದೊಡ್ಡದು, ಅದಕ್ಕೇ ಇನ್ನೂ ನಿಂತಿದೆ.

ಎರಡನೇವರ್ಷ

ನನಗೊಂದು ಮೂಲ ಪ್ರಶ್ನೆ. 1889ರಲ್ಲಿ “ತುಣುಕು ತೇಲಿಬರುತ್ತೆ” ಅನ್ನೋದನ್ನ ಎಲ್ಲರೂ ಒಪ್ಪಿಬಿಟ್ಟಿದ್ದರಾ? ಅದು ಯಾವಾಗ ಗೊತ್ತಾಯಿತು? ನಮ್ಮ ವೈದ್ಯಕೀಯ ಪಠ್ಯದಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಫಿರ್ಖೋ ಅಂತ ಒಂದೇ ಹೆಸರು, ಅದೂ ಎಡ ಕತ್ತಿನ ಗಂಟಿಗೆ.

ಹಳೇಹಾಳೆ

ಎರಡನೇವರ್ಷ ಅವರೇ, ಇದು ಉದ್ದದ ಕಥೆ. ಸೊಂಟ ಕಟ್ಟಿ ಕೂತ್ಕೊಳ್ಳಿ.

ಪ್ರಾಚೀನ ಗ್ರೀಕ್ ವೈದ್ಯ ಗೇಲೆನ್‌ನ ಕಾಲದಿಂದ ಹದಿನೇಳನೇ ಶತಮಾನದವರೆಗೂ ಕ್ಯಾನ್ಸರ್ ಅಂದರೆ ಕಪ್ಪು ಪಿತ್ತ ಹೆಚ್ಚಾಗಿ ಒಂದು ಕಡೆ ನಿಂತದ್ದು. ಇಡೀ ಮೈಯ ರಸವೇ ಕೆಟ್ಟಿರುವಾಗ ಎರಡನೇ ಗಡ್ಡೆ ಎದ್ದರೆ ಆಶ್ಚರ್ಯ ಏನು? ಅದೇ ಪಿತ್ತ ಇನ್ನೊಂದು ಕಡೆ ನಿಂತಿತು, ಅಷ್ಟೇ. ಒಂದು ಇನ್ನೊಂದರಿಂದ ಹುಟ್ಟಿತು ಅನ್ನೋ ಪ್ರಶ್ನೆಗೇ ಅಲ್ಲಿ ಜಾಗ ಇಲ್ಲ.

ಆ ಗೋಡೆ ಒಡೆದವರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಆನ್ರಿ ಫ್ರಾನ್ಸ್ವಾ ಲ ದ್ರಾನ್ ಮುಖ್ಯ. ಅವನ ಪ್ರಬಂಧ 1757ರದು. ಸ್ತನದ ಕ್ಯಾನ್ಸರ್ ಮೊದಲು ಒಂದೇ ಕಡೆಯ ಕಾಯಿಲೆ, ಅಲ್ಲಿಂದ ದುಗ್ಧನಾಳಗಳ (ಲಿಂಫ್ ನಾಳ, ಹಾಲಿನ ನಾಳ ಅಲ್ಲ) ಮೂಲಕ ಕಂಕುಳಿನ ಗ್ರಂಥಿಗೆ ಹೋಗುತ್ತೆ, ಅಲ್ಲಿಗೆ ಮುಟ್ಟಿದ ಮೇಲೆ ಗುಣ ಆಗೋದು ಕಷ್ಟ ಅಂದ. ಆ ವಾದದ ಪರಿಣಾಮ ನೇರ ಕತ್ತಿಯ ಮೇಲೆ: ಒಂದೇ ಕಡೆಯ ಕಾಯಿಲೆ ಆದರೆ ಬೇಗ ಕೊಯ್ದರೆ ಉಳೀತಾರೆ, ಕಂಕುಳಿನ ಗ್ರಂಥಿಯನ್ನೂ ತೆಗೀಬೇಕು.

ಮುಂದೆ ಪ್ಯಾರಿಸ್‌ನ ರೆಕಾಮಿಯೇ 1829ರಲ್ಲಿ ದೂರದ ಗಡ್ಡೆಗೆ ಮೆಟಾಸ್ಟಾಸಿಸ್ ಅನ್ನೋ ಪದ ಬಳಸಿದ. ಕ್ಯಾನ್ಸರ್ ಅಭಿಧಮನಿಯೊಳಗೆ ಹೊಕ್ಕಿರೋದನ್ನೂ, ಸ್ತನ ಕ್ಯಾನ್ಸರ್ ಇದ್ದವರ ಮೆದುಳಿನಲ್ಲಿ ಎದ್ದ ಗಡ್ಡೆಯನ್ನೂ ಬರೆದಿಟ್ಟ. ಆದರೆ ಒಳಹೊಕ್ಕದ್ದು ಏನು? ರಸವೋ, ವಿಷವೋ, ಕಣವೋ? ಅದಕ್ಕೆ ಕೋಶ ಅನ್ನೋ ಕಲ್ಪನೆ ಬೇಕಿತ್ತು. ಬರ್ಲಿನ್ನಿನ ಯೊಹಾನೆಸ್ ಮ್ಯೂಲರ್ 1838ರಲ್ಲಿ ಗಡ್ಡೆ ಕೋಶಗಳಿಂದ ಆದದ್ದು ಅಂತ ತೋರಿಸಿದ. ಆದರೆ ಆ ಕೋಶಗಳು ರೂಪವಿಲ್ಲದ ಒಂದು ದ್ರವದಿಂದ ತಾವೇ ಮೂಡ್ತವೆ ಅಂತ ನಂಬಿದ್ದ.

ಸ್ಲೈಡ್‌ಬಾಕ್ಸ್

ಇಲ್ಲಿ ಮೆಲನೋಮವನ್ನು, ಅಂದರೆ ಮೈಬಣ್ಣ ಕೊಡುವ ಕೋಶಗಳ ಕ್ಯಾನ್ಸರನ್ನು, ಬಿಡಬಾರದು. ಸ್ಲೈಡಿಗೆ ಬಣ್ಣ ಹಾಕಿ ಕೋಶ ಗುರುತಿಸುವ ವಿದ್ಯೆ ಬರೋದಕ್ಕೆ ಎಷ್ಟೋ ಮೊದಲು ತಾನೇ ಬಣ್ಣ ಹೊತ್ತು ತಿರುಗಿದ ಕ್ಯಾನ್ಸರ್ ಅದು. ಫ್ರೆಂಚ್ ವೈದ್ಯ ಲಾನೆಕ್ 1806ರಲ್ಲೇ ಕಪ್ಪು ಗಡ್ಡೆಗಳನ್ನು ಬೇರೆ ಕಾಯಿಲೆ ಅಂತ ಗುರುತಿಸಿ ಬರೆದ. ಇಂಗ್ಲೆಂಡಿನ ಸ್ಟೌರ್‌ಬ್ರಿಜ್‌ನ ವೈದ್ಯ ವಿಲಿಯಂ ನಾರಿಸ್ 1820ರಲ್ಲಿ ಒಬ್ಬ ರೋಗಿಯ ಶವಪರೀಕ್ಷೆ ವರದಿ ಮಾಡಿದ. ಚರ್ಮದ ಒಂದು ಮಚ್ಚೆಯಿಂದ ಶುರುವಾಗಿ ಒಳಗಿನ ಅಂಗಗಳ ತುಂಬ ಕಪ್ಪು ಗಂಟು. ಮೊದಲ ಗಡ್ಡೆಗೂ ದೂರದ ಗಡ್ಡೆಗೂ ಸಂಬಂಧ ಇದೆ ಅಂತ ಬರಿಗಣ್ಣಿಗೇ ತೋರಿಸಿದ ಪ್ರಕರಣ. ಆದರೂ ಇದು ಮೈಯ ರಸ ಕೆಟ್ಟದ್ದೇ ಕಾರಣ ಅನ್ನುವವರ ಬಾಯಿ ಮುಚ್ಚಿಸಲಿಲ್ಲ. ಕಪ್ಪು ಪದಾರ್ಥ ರಕ್ತದಲ್ಲಿ ಕರಗಿ ಹೋಗಿ ಅಲ್ಲಲ್ಲಿ ತಂಗಿತು ಅಂತ ಅವರೂ ಹೇಳಬಹುದಿತ್ತು, ಹೇಳಿದರು ಕೂಡ.

ಫಿರ್ಖೋ ವಿಷಯ: ಕೋಶ ಕೋಶದಿಂದಲೇ ಹುಟ್ಟುತ್ತೆ ಅಂತ ಸಾರಿದ ಮನುಷ್ಯ, ಕ್ಯಾನ್ಸರ್ ವಿಷಯದಲ್ಲಿ ಎರಡು ಕಡೆ ಎಡವಿದ. ಒಂದು, ಕ್ಯಾನ್ಸರ್ ಹುಟ್ಟೋದು ಸಂಯೋಜಕ ಅಂಗಾಂಶದಿಂದ (ಅಂಗಗಳನ್ನು ಹಿಡಿದಿಡುವ ನಾರಿನಂಥ ಅಂಗಾಂಶ) ಅಂದ. ಎರಡು, ದೂರದ ಗಡ್ಡೆ ಏಳೋದು ಮೊದಲ ಗಡ್ಡೆಯಿಂದ ಹೊರಟ ರಸ ಅಲ್ಲಿನ ಕೋಶಗಳನ್ನು ಕೆಡಿಸೋದರಿಂದ ಅಂದ, ಸೋಂಕು ತಗಲುವ ರೀತಿ. ಜಠರದ ಕ್ಯಾನ್ಸರಿನಲ್ಲಿ ಎಡ ಕೊರಳೆಲುಬಿನ ಮೇಲೆ ಗಂಟು ಬರೋದನ್ನು 1848ರಲ್ಲಿ ಗುರುತಿಸಿದವನೇ ಅವನು. ಹೊಟ್ಟೆಯ ದುಗ್ಧರಸವೆಲ್ಲ ಎದೆಯ ದೊಡ್ಡ ದುಗ್ಧನಾಳದಲ್ಲಿ ಮೇಲೆ ಬಂದು ಎಡಗಡೆಯ ಅಭಿಧಮನಿಗೆ ಸೇರುತ್ತೆ, ಅದಕ್ಕೇ ಎಡಗಡೆ. ದಾರಿ ಸರಿಯಾಗಿ ಹಿಡಿದ, ದಾರಿಯಲ್ಲಿ ಹೋದವರು ಯಾರು ಅನ್ನೋದರಲ್ಲಿ ತಪ್ಪಿದ.

ಆ ಗಂಟನ್ನು ಮುಟ್ಟಿ ನೋಡೋದು ಹೀಗೆ, ಪರೀಕ್ಷೆಗೂ ಬರುತ್ತೆ. ರೋಗಿ ಕೂತಿರಬೇಕು, ನೀವು ಹಿಂದೆ ನಿಲ್ಲಬೇಕು. ಕತ್ತಿನ ಸ್ನಾಯು ಕೊರಳೆಲುಬಿಗೆ ಅಂಟುವ ಜಾಗದ ಹಿಂದೆ ಬೆರಳು ಇಳಿಸಿ, ಜೋರಾಗಿ ಉಸಿರೆಳೆದುಕೊಳ್ಳಿ ಅನ್ನಿ. ಆಳದಲ್ಲಿರೋದು ಆಗ ಬೆರಳಿಗೆ ಸಿಗುತ್ತೆ. ಮಲಗಿಸಿ ಬೇಗ ಬೇಗ ಸವರಿದರೆ ತಪ್ಪಿಹೋಗುತ್ತೆ.

ಮಲೆನಾಡ್_ಬಯೋ

ಫಿರ್ಖೋನನ್ನು ತಿದ್ದಿದ್ದು ಎರಡು ಹೆಸರು. ಕಾರ್ಲ್ ಥೀರ್ಷ್ 1865ರಲ್ಲಿ ಚರ್ಮದ ಕ್ಯಾನ್ಸರನ್ನು ಸಾಲು ಸಾಲು ಪದರವಾಗಿ ಕೊಯ್ದು ನೋಡಿ, ಅದು ಮೇಲಿನ ಹೊದಿಕೆಯ ಕೋಶಗಳಿಂದಲೇ ಕೆಳಕ್ಕೆ ಇಳಿದಿರೋದನ್ನು ತೋರಿಸಿದ. ಬ್ರೆಸ್ಲಾವಿನ ವಿಲ್ಹೆಲ್ಮ್ ವಾಲ್ಡೈಯರ್ 1867ರಲ್ಲಿ, ಮತ್ತೆ 1872ರಲ್ಲಿ, ಅದನ್ನೇ ಸ್ತನ, ಜಠರ ಮುಂತಾದ ಅಂಗಗಳಿಗೆ ವಿಸ್ತರಿಸಿದ. ದೂರದ ಗಡ್ಡೆ ಅಂದರೆ ಕ್ಯಾನ್ಸರ್ ಕೋಶಗಳೇ ರಕ್ತದಲ್ಲೋ ದುಗ್ಧರಸದಲ್ಲೋ ಸಾಗಿ ಹೋಗಿ ಬೆಳೆದದ್ದು ಅಂತ ಸ್ಪಷ್ಟ ಮಾಡಿದ. 1867ರ ಆ ಲೇಖನ ಅಚ್ಚಾದದ್ದು ಫಿರ್ಖೋ ಸಂಪಾದಿಸ್ತಿದ್ದ ಪತ್ರಿಕೆಯಲ್ಲೇ. ಕ್ರೋಮೋಸೋಮ್ ಅನ್ನೋ ಹೆಸರಿಟ್ಟವನೂ ಇದೇ ವಾಲ್ಡೈಯರ್.

ಮುಂಚಿನವರಿಗೆ ಯಾಕೆ ಕಾಣಲಿಲ್ಲ ಅಂದರೆ ವಿಧಾನವೇ ಬೇರೆ. ಗಡ್ಡೆ ಕೊಯ್ದು ಚಾಕುವಿನಿಂದ ಕೆರೆದು, ಬಂದ ಹಾಲಿನಂಥ ರಸವನ್ನು ಗಾಜಿನ ಮೇಲೆ ಹಚ್ಚಿ ನೋಡ್ತಿದ್ದರು. ಕೋಶ ಕಾಣುತ್ತೆ, ಆದರೆ ಯಾವ ಕೋಶದ ಪಕ್ಕ ಯಾವುದಿತ್ತು, ಯಾವುದು ಯಾವುದರಿಂದ ಇಳಿದಿತ್ತು ಅನ್ನೋದು ಕೆರೆದ ಕ್ಷಣವೇ ಹೋಯಿತು. ಗಟ್ಟಿ ಮಾಡಿದ ಅಂಗಾಂಶವನ್ನು ತೆಳು ಪದರವಾಗಿ ಕೊಯ್ದು, ಒಂದಾದ ಮೇಲೊಂದು ಜೋಡಿಸಿ ನೋಡಿದಾಗಲೇ ಸಂಬಂಧ ಕಾಣೋದು.

ಇದೇ ಹೊತ್ತಿಗೆ, 1869ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ಆಸ್ಪತ್ರೆಯ ಥಾಮಸ್ ಆಶ್‌ವರ್ತ್ ಇನ್ನೊಂದು ತುದಿ ಹಿಡಿದ. ಮೈತುಂಬ ಗಡ್ಡೆ ಇದ್ದ ರೋಗಿಯ ಶವದ ಕಾಲಿನ ಅಭಿಧಮನಿಯಿಂದ ರಕ್ತ ತೆಗೆದು, ಗಡ್ಡೆಯ ಕೋಶಗಳಂಥವೇ ಅದರಲ್ಲಿ ಇರೋದನ್ನು ಕಂಡ. ಎದೆ ಹೊಟ್ಟೆ ಕಡೆಯ ಗಡ್ಡೆಗೆ ಕಾಲಿನ ರಕ್ತ ತೆಗೆದದ್ದು ಮುಖ್ಯ. ಗಡ್ಡೆ ಕೊಯ್ದ ಚಾಕುವಿನಿಂದ ಸೇರಿತು ಅನ್ನೋ ಆಕ್ಷೇಪಕ್ಕೆ ಅದು ಉತ್ತರ.

ಸ್ಲೈಡ್‌ಬಾಕ್ಸ್

ಪೂರ್ತಿ ಉತ್ತರ ಅಲ್ಲ. ರಕ್ತದಲ್ಲಿ “ಕ್ಯಾನ್ಸರ್ ಕೋಶ” ಕಾಣೋದು ಬಹಳ ಜನರಿಗೆ ಮೋಸ ಮಾಡಿದೆ. ಸೂಜಿ ಚುಚ್ಚಿದಾಗ ರಕ್ತನಾಳದ ಒಳಪದರದ ಕೋಶ ಗುಂಪಾಗಿ ಎದ್ದು ಬರುತ್ತೆ. ಮೂಳೆಮಜ್ಜೆಯ ಮೆಗಾಕ್ಯಾರಿಯೋಸೈಟ್ ಅನ್ನೋ ದೊಡ್ಡ ಕೋಶ ರಕ್ತಕ್ಕೆ ತಪ್ಪಿಸಿಕೊಂಡು ಬಂದರೆ ದೊಡ್ಡ ಕಪ್ಪು ಕೋಶಕೇಂದ್ರ ನೋಡಿ ಯಾರಾದರೂ ಕ್ಯಾನ್ಸರ್ ಅಂದಾರು. 1955ರಲ್ಲಿ ಡೆನ್ಮಾರ್ಕಿನ ಎಂಗೆಲ್ ಶಸ್ತ್ರಕ್ರಿಯೆಯ ರೋಗಿಗಳ ರಕ್ತದಲ್ಲಿ ಇಂಥ ಕೋಶ ವರದಿ ಮಾಡಿದ ಮೇಲೆ ಆ ದಶಕದ ಕೊನೆಗೆ ಎಲ್ಲೆಲ್ಲೂ ಹುಡುಕಾಟ ಎದ್ದಿತು. ಮರುಪರೀಕ್ಷೆಯಲ್ಲಿ ಸಿಕ್ಕವುಗಳಲ್ಲಿ ಎಷ್ಟೋ ಕ್ಯಾನ್ಸರ್ ಅಲ್ಲವೇ ಅಲ್ಲ ಅಂತ ಆಯಿತು. ಆಶ್‌ವರ್ತ್ ಹೇಳಿದ್ದು ಸರಿಯೇ ಇರಬಹುದು, ಆದರೆ ಆ ಕಾಲದ ಸಾಧನದಲ್ಲಿ ಸಾಬೀತು ಮಾಡೋದಕ್ಕೆ ಸಾಧ್ಯ ಇರಲಿಲ್ಲ.

ಎಳೆಹೊಲಿಗೆ

ಶಸ್ತ್ರಚಿಕಿತ್ಸೆಯ ಕಡೆಯಿಂದ ನಾನು ಬರ್ತೀನಿ. ಹರಡುವ ಸಿದ್ಧಾಂತ ಬದಲಾದಾಗಲೆಲ್ಲ ಬದಲಾದದ್ದು ಗಾಯದ ಅಳತೆ. ರೋಗಿಯ ಮಟ್ಟಿಗೆ ಈ ಇತಿಹಾಸ ಅಂದರೆ ಅದೇ.

ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಚಾರ್ಲ್ಸ್ ಮೂರ್ 1867ರಲ್ಲಿ ಒಂದು ನೇರವಾದ ಮಾತು ಹೇಳಿದ. ಕ್ಯಾನ್ಸರ್ ಮರುಕಳಿಸೋದು ಮೈಯೆಲ್ಲ ಕೆಟ್ಟಿರೋದರಿಂದ ಅಲ್ಲ, ನಾವು ತುಣುಕು ಬಿಟ್ಟು ಬಂದದ್ದರಿಂದ. ಮರುಕಳಿಸಿದ ಗಡ್ಡೆಗಳು ಗಾಯದ ಗುರುತಿನ ಸುತ್ತಲೇ ಇರ್ತವೆ, ಅದೇ ಸಾಕ್ಷಿ. ಹಾಗಾಗಿ ಗಡ್ಡೆಯನ್ನು ಕೊಯ್ದು ನೋಡಬೇಡಿ, ಚೂರು ಚೂರಾಗಿ ತೆಗೀಬೇಡಿ, ಸ್ತನ ಪೂರ್ತಿ ಒಂದೇ ತುಂಡಾಗಿ ಬರಲಿ. ಆಗ ಲಂಡನ್ನಿನಲ್ಲಿ ಎದುರು ಪಕ್ಷದ ದೊಡ್ಡ ಹೆಸರು ಸರ್ ಜೇಮ್ಸ್ ಪೇಜೆಟ್, ಕ್ಯಾನ್ಸರ್ ಇಡೀ ಶರೀರದ ಕಾಯಿಲೆ ಅಂತ ನಂಬಿದವರು. ಈ ಚರ್ಚೆಯ ಮೇಲಿರುವ ಸ್ಟೀಫನ್ ಅವರ ಮಗ.

ಬಾಲ್ಟಿಮೋರಿನ ಹಾಲ್‌ಸ್ಟೆಡ್ ಇದನ್ನು ತುದಿಗೆ ಒಯ್ದ. ಸ್ತನ, ಎದೆಯ ಸ್ನಾಯು, ಕಂಕುಳಿನ ಕೊಬ್ಬು ಗ್ರಂಥಿ ಎಲ್ಲ ಒಂದೇ ತುಂಡು. 1894ರ ವರದಿಯಲ್ಲಿ 50 ರೋಗಿಗಳಲ್ಲಿ 3 ಜನಕ್ಕೆ ಮಾತ್ರ ಅದೇ ಜಾಗದಲ್ಲಿ ಮರುಕಳಿಸಿತು. ಯುರೋಪಿನ ದೊಡ್ಡ ಕ್ಲಿನಿಕ್‌ಗಳಲ್ಲಿ ಆಗ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮರುಕಳಿಸ್ತಿತ್ತು. ಜಗತ್ತು ಬೆರಗಾಗದೆ ಇರುತ್ತಾ? ಆದರೆ ಆ ಸಂಖ್ಯೆಯನ್ನು ಗಮನವಿಟ್ಟು ಓದಿ: “ಅದೇ ಜಾಗದಲ್ಲಿ”. ಬದುಕಿದವರ ಲೆಕ್ಕ ಅಲ್ಲ ಅದು. ಲಿವರ್‌ಗೆ, ಬೆನ್ನುಮೂಳೆಗೆ ಬಂದು ಹೋದವರು ಆ ಮೂವರಲ್ಲಿ ಸೇರೋದಿಲ್ಲ.

ಹಳೇಹಾಳೆ

ಎಳೆಹೊಲಿಗೆ ಸರ್, ಹ್ಯಾಂಡ್ಲಿ ಬಗ್ಗೆಯೂ ನೀವೇ ಬರೀಬೇಕು. ಕ್ಯಾನ್ಸರ್ ಎಲ್ಲ ಮೂಳೆಗೂ ಬರೋದಿಲ್ಲ ಅನ್ನೋ ಪೇಜೆಟ್‌ನ ಸಾಕ್ಷಿಯನ್ನು ತಲೆಕೆಳಗು ಮಾಡಿದ್ದು ಅವನು.

ಎಳೆಹೊಲಿಗೆ

ಸ್ಯಾಂಪ್ಸನ್ ಹ್ಯಾಂಡ್ಲಿ, ಅವನೂ ಮಿಡ್ಲ್‌ಸೆಕ್ಸ್ ಆಸ್ಪತ್ರೆಯವನೇ, 1906. ಇವನ ಕೆಲಸ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆ ಅಂದರೆ ಕೈಕೆಲಸ ಬಹಳ ಚೆನ್ನಾಗಿತ್ತು.

ಸ್ತನ ಕ್ಯಾನ್ಸರಿನಿಂದ ಸತ್ತವರ ಎದೆಯಿಂದ, ಗಡ್ಡೆಯನ್ನು ನಡು ಮಾಡಿಕೊಂಡು ಹೊರಕ್ಕೆ ಹೋಗುವ ಉದ್ದ ಪಟ್ಟಿ ತೆಗೆದ. ಚರ್ಮ, ಕೊಬ್ಬು, ಅದರ ಕೆಳಗೆ ಸ್ನಾಯುವಿನ ಮೇಲಿನ ಬಿಳಿ ಪೊರೆ, ಎಲ್ಲ ಸೇರಿ. ಆ ಪಟ್ಟಿಯನ್ನು ತುದಿಯಿಂದ ತುದಿಗೆ ಸೂಕ್ಷ್ಮದರ್ಶಕದಲ್ಲಿ ನೋಡಿದ. ಗಡ್ಡೆಯಿಂದ ಹೊರಕ್ಕೆ ಹೋದ ಹಾಗೆ ಏನೂ ಇಲ್ಲದ ಜಾಗ ಬರುತ್ತೆ. ಇನ್ನೂ ಮುಂದೆ ಹೋದರೆ, ಬೆರಳಿಗೆ ಸಿಗೋ ಗಡ್ಡೆಯಿಂದ ಎಷ್ಟೋ ಇಂಚು ದೂರದಲ್ಲಿ, ಪೊರೆಯ ಸಣ್ಣ ದುಗ್ಧನಾಳಗಳ ಒಳಗೆ ಕ್ಯಾನ್ಸರ್ ಕೋಶ ಒತ್ತಾಗಿ ತುಂಬಿಕೊಂಡಿರುತ್ತೆ. ಅದಕ್ಕೆ “ಬೆಳೆಯುವ ಅಂಚು” ಅಂದ. ನಡುವಿನ ಖಾಲಿ ಜಾಗ? ಅಲ್ಲಿಯೂ ಮೊದಲು ಕ್ಯಾನ್ಸರ್ ಸಾಗಿತ್ತು, ನಾಳ ಉಬ್ಬಿ ಒಡೆದು, ಸುತ್ತ ನಾರು ಬೆಳೆದು, ಕೋಶಗಳನ್ನು ಹಿಸುಕಿ ಕೊಂದಿದೆ ಅಂತ ವಿವರಿಸಿದ.

ಇದರಿಂದ ಅವನು ತೆಗೆದ ತೀರ್ಮಾನ: ಕ್ಯಾನ್ಸರ್ ತೇಲಿ ಹೋಗೋದಿಲ್ಲ, ನಾಳದೊಳಗೆ ಕಡಿಯದೆ ಬೆಳೆಯುತ್ತಾ ಹೋಗುತ್ತೆ. ಲಿವರ್‌ಗೂ ಹಾಗೇ, ಎದೆಯ ಕೆಳಗಿನ ಹೊಟ್ಟೆಯ ಗೋಡೆ ದಾಟಿ ಹೋಗುತ್ತೆ. ಪೇಜೆಟ್‌ನ 241ಕ್ಕೆ ನೆಲದ ಗುಣ ಬೇಕಿಲ್ಲ, ಲಿವರ್ ಹತ್ತಿರ ಇದೆ ಅಷ್ಟೇ ಸಾಕು. ಶಸ್ತ್ರಕ್ರಿಯೆಗೆ ಬಂದರೆ, ಚರ್ಮವನ್ನು ಹಾಲ್‌ಸ್ಟೆಡ್‌ನಷ್ಟು ತೆಗೆಯೋದು ಬೇಡ, ಆದರೆ ಕೆಳಗಿನ ಪೊರೆಯನ್ನು ಹೊಟ್ಟೆಯ ಮೇಲ್ಭಾಗದವರೆಗೂ ಅಗಲವಾಗಿ ತೆಗೀರಿ ಅಂದ.

ಸ್ಲೈಡ್‌ಬಾಕ್ಸ್

ಮೂಳೆಯ ಮಾತು ನಾನು ಮುಗಿಸ್ತೀನಿ, ಈ ಇಡೀ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು.

ಪೇಜೆಟ್ ಕೇಳಿದ್ದ: ಕೈಯ, ಪಾದದ ಸಣ್ಣ ಮೂಳೆಗಳಲ್ಲಿ ಎರಡನೇ ಕ್ಯಾನ್ಸರ್ ಕಂಡವರು ಯಾರಿದ್ದಾರೆ? ತೊಡೆಮೂಳೆ, ಬೆನ್ನುಮೂಳೆಗೆ ಬರುತ್ತೆ, ಅಲ್ಲಿಗೆ ಬರೋದಿಲ್ಲ. ಬರೀ ತುಣುಕು ಸಿಕ್ಕಿಕೊಳ್ಳೋದಾದರೆ ಈ ಆಯ್ಕೆ ಯಾಕೆ? ಅವನಿಗೆ ಅದು ನೆಲದ ಸಾಕ್ಷಿ. ಹ್ಯಾಂಡ್ಲಿ ಅದೇ ಸಂಗತಿ ಹಿಡಿದು ನೋಡಿ ಅಂದ: ತೋಳಿನ ಮೇಲ್ಭಾಗ, ತೊಡೆಯ ಮೇಲ್ಭಾಗ, ಬೆನ್ನು, ಪಕ್ಕೆಲುಬು, ಎಲ್ಲ ಮೈಯ ನಡುವಿಗೆ ಹತ್ತಿರ. ಸಾಗುತ್ತಾ ಬೆಳೆಯುವ ಕ್ಯಾನ್ಸರ್ ಬೆರಳ ತುದಿಗೆ ಮುಟ್ಟೋದರೊಳಗೆ ರೋಗಿ ಸತ್ತಿರ್ತಾರೆ. ಅವನಿಗೆ ಅದು ದೂರದ ಸಾಕ್ಷಿ.

ಆ ಮೂಳೆಗಳ ಪಟ್ಟಿ ಮತ್ತೊಮ್ಮೆ ಓದಿ: ಬೆನ್ನು, ಪಕ್ಕೆಲುಬು, ಸೊಂಟ, ತಲೆಬುರುಡೆ, ತೊಡೆಮೂಳೆಯ ಮೇಲ್ತುದಿ, ತೋಳುಮೂಳೆಯ ಮೇಲ್ತುದಿ. ದೊಡ್ಡವರಲ್ಲಿ ಕೆಂಪು ಮಜ್ಜೆ ಉಳಿಯುವ ಜಾಗಗಳ ಪಟ್ಟಿಯೂ ಇದೇ. ಕೈಕಾಲಿನ ತುದಿಯಲ್ಲಿ ಹಳದಿ ಕೊಬ್ಬಿನ ಮಜ್ಜೆ. ಕೆಂಪು ಮಜ್ಜೆಗೆ ಹೋಗುವ ರಕ್ತದ ಪ್ರಮಾಣವೂ ಹೆಚ್ಚು, ಅಲ್ಲಿನ ಅಗಲ ನಾಳಗಳ ಗೋಡೆ ತೆಳು, ಅವುಗಳಲ್ಲಿ ರಕ್ತ ಸಾಗೋದು ನಿಧಾನ. ಹಾಗಾದರೆ ಇದು ನೆಲವೋ ದಾರಿಯೋ? ಎರಡೂ ಒಂದೇ ಜಾಗದಲ್ಲಿ ಇವೆ. ಬರೀ ಶವಪರೀಕ್ಷೆಯ ಕೋಷ್ಟಕದಿಂದ ಇವೆರಡನ್ನು ಬಿಡಿಸೋದು ಆಗೋದಿಲ್ಲ. ಕೋಷ್ಟಕದ ಮಿತಿ ಇದು.

ತಲೆಬುರುಡೆಯನ್ನು ಪಟ್ಟಿಯಲ್ಲಿ ಮರೀಬೇಡಿ. ಎದೆಯಿಂದ ಕಡಿಯದೆ ಬೆಳೆದು ಅಲ್ಲಿಗೆ ಮುಟ್ಟಿತು ಅನ್ನೋದು ಸುಲಭ ಅಲ್ಲ, ಹ್ಯಾಂಡ್ಲಿಗೆ ಕಷ್ಟ ಕೊಡೋದು ಅದೇ.

ಎರಡನೇವರ್ಷ

ಹಾಗಾದರೆ ತೇಲಿ ಹೋಗೋದನ್ನು ಕಣ್ಣಾರೆ ತೋರಿಸಿದ್ದು ಯಾರು? ಮತ್ತೆ, ಪ್ರಾಸ್ಟೇಟ್ ಕ್ಯಾನ್ಸರ್ ಶ್ವಾಸಕೋಶ ಬಿಟ್ಟು ನೇರ ಬೆನ್ನಿಗೆ ಹೋಗೋದು ಹೇಗೆ? ಮಧ್ಯೆ ಶ್ವಾಸಕೋಶದ ಲೋಮನಾಳ (ಕೂದಲಿಗಿಂತ ಸಣ್ಣ ರಕ್ತನಾಳ) ದಾಟಬೇಕಲ್ಲ?

ಮಲೆನಾಡ್_ಬಯೋ

ಮೊದಲನೆಯದಕ್ಕೆ: ಜರ್ಮನಿಯ ಮಾರ್ಟಿನ್ ಶ್ಮಿಟ್, 1903. ಹೊಟ್ಟೆಯ ಕ್ಯಾನ್ಸರ್ ಇದ್ದವರ ಶ್ವಾಸಕೋಶದ ಸಣ್ಣ ಅಪಧಮನಿಗಳನ್ನು ಹುಡುಕಿದ. ಬರಿಗಣ್ಣಿಗೆ ಗಡ್ಡೆ ಇಲ್ಲದ ಶ್ವಾಸಕೋಶದಲ್ಲೂ ನಾಳದೊಳಗೆ ಕ್ಯಾನ್ಸರ್ ತುಣುಕು ಸಿಕ್ಕಿತು. ಅದಕ್ಕಿಂತ ಮುಖ್ಯ, ಎಷ್ಟೋ ತುಣುಕುಗಳ ಸುತ್ತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ನಾರಾಗಿ, ಒಳಗಿನ ಕೋಶ ಸತ್ತಿತ್ತು. ತಲುಪಿದ್ದೆಲ್ಲ ಬೆಳೆಯೋದಿಲ್ಲ ಅನ್ನೋದು ಪೇಜೆಟ್‌ಗೆ ಬರೀ ಊಹೆ. ಶ್ಮಿಟ್ ಅದನ್ನು ಸ್ಲೈಡಿನ ಮೇಲೆ ತೋರಿಸಿದ.

ಹತ್ತು ವರ್ಷದ ಮೇಲೆ ಬಾಸ್ಟನ್ನಿನ ಅರ್ನೆಸ್ಟ್ ಟೈಜರ್ ಇಲಿಗಳಲ್ಲಿ ಗಡ್ಡೆ ಬೆಳೆಸಿ, ಅದನ್ನು ಬೆರಳಿನಿಂದ ತಿಕ್ಕಿದ. ತಿಕ್ಕಿದ ಇಲಿಗಳ ಶ್ವಾಸಕೋಶದಲ್ಲಿ ಗಡ್ಡೆ ಹೆಚ್ಚು. ಗಂಟು ಕಂಡರೆ ಎಣ್ಣೆ ಹಚ್ಚಿ ತಿಕ್ಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. 1913ರ ಈ ಲೇಖನವನ್ನು ಅವರಿಗೆ ಯಾರಾದರೂ ಕನ್ನಡದಲ್ಲಿ ಓದಿ ಹೇಳಬೇಕು.

ಅಳತೆಯ ವಿಷಯ: ಲೋಮನಾಳದ ಒಳ ಅಗಲ 5ರಿಂದ 10 ಮೈಕ್ರಾನ್, ಕ್ಯಾನ್ಸರ್ ಕೋಶ ಸಾಮಾನ್ಯವಾಗಿ 15ರಿಂದ 20. ಆದರೂ ಕೆಲವು ಉದ್ದಕ್ಕೆ ಎಳೆದುಕೊಂಡು ಹಿಂಡಿಕೊಂಡು ದಾಟ್ತವೆ.

ಎಳೆಹೊಲಿಗೆ

ಪ್ರಾಸ್ಟೇಟ್‌ನದಕ್ಕೆ ಉತ್ತರ ಆಸ್ಕರ್ ಬ್ಯಾಟ್ಸನ್, ಫಿಲಡೆಲ್ಫಿಯಾ, 1940. ಶವದಲ್ಲಿ ಶಿಶ್ನದ ಮೇಲ್ಭಾಗದ ಅಭಿಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಹಾಯಿಸಿದ. ಆ ರಕ್ತನಾಳ ಪ್ರಾಸ್ಟೇಟ್ ಸುತ್ತಲಿನ ಜಾಲಕ್ಕೆ ಸೇರುತ್ತೆ. ದ್ರವ ಹೊಟ್ಟೆಯ ದೊಡ್ಡ ಅಭಿಧಮನಿ ಒಂದನ್ನೇ ಹಿಡಿಯಲಿಲ್ಲ, ಬೆನ್ನುಮೂಳೆಯ ಸುತ್ತಲಿನ ಅಭಿಧಮನಿ ಜಾಲಕ್ಕೂ ಹೊಕ್ಕು ಮೇಲೆ ಮೇಲೆ ಹೋಯಿತು. ಆ ಜಾಲದಲ್ಲಿ ಕವಾಟ ಇಲ್ಲ. ಕೆಮ್ಮಿದಾಗ, ತಿಣುಕಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ರಕ್ತ ಅತ್ತ ತಿರುಗುತ್ತೆ. ಜೀವಂತ ಕೋತಿಯಲ್ಲೂ ಹೊಟ್ಟೆಯನ್ನು ಒತ್ತಿ ಹಿಡಿದು ಇದನ್ನು ತೋರಿಸಿದ. ಶ್ವಾಸಕೋಶ ದಾಟುವ ಅಗತ್ಯವೇ ಬರೋದಿಲ್ಲ. ನ್ಯೂಯಾರ್ಕಿನ ಜೇಮ್ಸ್ ಯೂಯಿಂಗ್ ಮೊದಲೇ ರಕ್ತದ ಹಾದಿಯೊಂದರಿಂದಲೇ ಎಲ್ಲ ವಿವರಿಸಬಹುದು ಅಂತ ಹಿಡಿದ ವಾದಕ್ಕೆ ಇದು ಬಲ ಕೊಟ್ಟಿತು. ಸುಮಾರು ಮೂವತ್ತು ವರ್ಷ ಪೇಜೆಟ್‌ನನ್ನು ಕೇಳುವವರೇ ಇರಲಿಲ್ಲ.

ಮಲೆನಾಡ್_ಬಯೋ

ನೆಲದ ವಾದ ಮತ್ತೆ ಎದ್ದದ್ದು ಅಮೆರಿಕದ ಸಂಶೋಧಕ ಐಸಾಯ ಫಿಡ್ಲರ್‌ನಿಂದ. 1970ರ ಪ್ರಯೋಗದ ಜಾಣತನ ಗುರುತು ಹಾಕುವುದರಲ್ಲಿದೆ. ವಿಕಿರಣಶೀಲ ಅಯೋಡಿನ್ 125 ಸೇರಿಸಿದ ಒಂದು ಡಿಎನ್‌ಎ ಘಟಕವನ್ನು ಇಲಿಯ ಮೆಲನೋಮ ಕೋಶಗಳಿಗೆ ಉಣಿಸಿ, ಬಾಲದ ಅಭಿಧಮನಿಗೆ ಚುಚ್ಚಿದ. ಕೋಶ ಸತ್ತರೆ ಡಿಎನ್‌ಎ ಒಡೆದು ಅಯೋಡಿನ್ ಮೂತ್ರದಲ್ಲಿ ಹೋಗುತ್ತೆ, ಪಕ್ಕದ ಕೋಶ ಅದನ್ನು ಮತ್ತೆ ಬಳಸೋದು ಬಹಳ ಕಡಿಮೆ. ಹಾಗಾಗಿ ಅಂಗದಲ್ಲಿ ಉಳಿದ ವಿಕಿರಣ ಅಂದರೆ ಬದುಕಿರುವ ಕೋಶ. ಟ್ರೀಷಿಯಂ (ವಿಕಿರಣಶೀಲ ಹೈಡ್ರೋಜನ್) ಗುರುತಿನ ಥೈಮಿಡಿನ್ ಅನ್ನೋ ಡಿಎನ್‌ಎ ಘಟಕ ಹಾಕಿದ್ದರೆ ಸತ್ತ ಕೋಶದ ಗುರುತನ್ನು ಇಲಿಯ ಸ್ವಂತ ಕೋಶಗಳೇ ಎತ್ತಿಕೊಂಡು ಲೆಕ್ಕ ಹಾಳಾಗ್ತಿತ್ತು. ಈ ಪರೀಕ್ಷೆ ಮಾಡುವಾಗ ಅಂಗಗಳನ್ನು 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ನೆನೆಸಿ, ಬಿಡಿಯಾಗಿ ಅಂಟಿದ ಅಯೋಡಿನ್ ತೊಳೀಬೇಕು. ಬಿಟ್ಟರೆ ಸಂಖ್ಯೆ ಉಬ್ಬುತ್ತೆ.

ಫಲಿತಾಂಶ: ಕೆಲವೇ ನಿಮಿಷದಲ್ಲಿ ಬಹುಪಾಲು ಕೋಶ ಶ್ವಾಸಕೋಶದಲ್ಲಿ. 24 ಗಂಟೆಯ ಮೇಲೆ ನೂರಕ್ಕೆ ಒಂದೂ ಉಳಿದಿರಲಿಲ್ಲ. ಗಡ್ಡೆ ಆದದ್ದು ಸಾವಿರಕ್ಕೆ ಒಂದರ ಆಸುಪಾಸು. 1980ರಲ್ಲಿ ಹಾರ್ಟ್ ಮತ್ತು ಫಿಡ್ಲರ್ ಇಲಿಯ ತೊಡೆಸ್ನಾಯುವಿನಲ್ಲಿ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡದ ಚೂರುಗಳನ್ನು ನೆಟ್ಟು, ಮೆಲನೋಮ ಕೋಶ ಹಾಯಿಸಿದರು. ಶ್ವಾಸಕೋಶದ, ಅಂಡಾಶಯದ ಚೂರಿನಲ್ಲಿ ಗಡ್ಡೆ ಎದ್ದಿತು, ಮೂತ್ರಪಿಂಡದ ಚೂರಿನಲ್ಲಿ ಇಲ್ಲ. ಎಲ್ಲ ಚೂರೂ ಒಂದೇ ಸ್ನಾಯುವಿನಲ್ಲಿ ಇದ್ದವು, ರಕ್ತದ ಹಾದಿ ಒಂದೇ. ಸ್ಲೈಡ್‌ಬಾಕ್ಸ್ ಮೇಡಂ ಕೇಳಿದ “ನೆಲವೋ ದಾರಿಯೋ” ಬಿಡಿಸೋದಕ್ಕೆ ಬೇಕಿದ್ದ ಪ್ರಯೋಗ ಇದೇ.

ಎಳೆಹೊಲಿಗೆ

ಮನುಷ್ಯರಲ್ಲಿ ಕತ್ತಿಯ ಪ್ರಶ್ನೆ, ಅಂದರೆ ಸ್ತನ ಕ್ಯಾನ್ಸರಿಗೆ ಎಷ್ಟು ಕೊಯ್ಯಬೇಕು ಅನ್ನೋದು, ತೀರ್ಮಾನ ಆದದ್ದು ಅಮೆರಿಕದ ಶಸ್ತ್ರವೈದ್ಯ ಬರ್ನಾರ್ಡ್ ಫಿಷರ್ ಗುಂಪಿನ ಪರೀಕ್ಷೆಯಲ್ಲಿ. 1971ರಲ್ಲಿ ಶುರು, 1665 ಹೆಂಗಸರು. ಕಂಕುಳಿನಲ್ಲಿ ಗಂಟು ಕೈಗೆ ಸಿಗದವರನ್ನು ಮೂರು ಪಾಲು ಮಾಡಿದರು: ಹಾಲ್‌ಸ್ಟೆಡ್ ಶಸ್ತ್ರಕ್ರಿಯೆ, ಸ್ತನ ಮಾತ್ರ ತೆಗೆದು ವಿಕಿರಣ, ಸ್ತನ ಮಾತ್ರ ತೆಗೆದು, ಗಂಟು ಬಂದರೆ ಆಮೇಲೆ ತೆಗೆಯೋದು. ಮೊದಲ ಪಾಲಿನಲ್ಲಿ ತೆಗೆದ ಗ್ರಂಥಿ ನೋಡಿದಾಗ ನೂರಕ್ಕೆ ಸುಮಾರು 40 ಜನಕ್ಕೆ ಅಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಹಂಚಿಕೆ ಚೀಟಿ ಎತ್ತಿದ ಹಾಗೆ, ಆದ್ದರಿಂದ ಮೂರನೇ ಪಾಲಿನಲ್ಲೂ ಅಷ್ಟೇ ಇದ್ದಿರಬೇಕು. ಆದರೆ ಬಿಟ್ಟು ಕಾದಾಗ ಗಂಟಾಗಿ ಎದ್ದದ್ದು ನೂರಕ್ಕೆ ಸುಮಾರು 18 ಜನಕ್ಕೆ. 25 ವರ್ಷ ನೋಡಿ 2002ರಲ್ಲಿ ಪ್ರಕಟಿಸಿದಾಗ ಮೂರು ಪಾಲಿಗೂ ಬದುಕಿನ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕಂಕುಳಿನ ಗ್ರಂಥಿ ಲಿವರ್‌ಗೆ ಹೋಗುವ ಬಾಗಿಲು ಆಗಿದ್ದರೆ ಹೀಗಾಗೋದು ಸಾಧ್ಯ ಇರಲಿಲ್ಲ.

ಎರಡನೇವರ್ಷ

ಹಾಗಾದರೆ ಬಾಯಿಯ ಕ್ಯಾನ್ಸರಿಗೆ ಕತ್ತಿನ ಗ್ರಂಥಿ ಮೊದಲೇ ತೆಗೆಯೋದೂ ಅನಗತ್ಯವಾ? ನಮ್ಮ ಕಡೆ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾದ ರೋಗಿಗಳೇ ಹೆಚ್ಚು.

ಎಳೆಹೊಲಿಗೆ

ಅಲ್ಲ. ಸ್ತನದ ಉತ್ತರವನ್ನು ಬಾಯಿಗೆ ಹಚ್ಚಬಾರದು. ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್ 1906ರಲ್ಲಿ 132 ಶಸ್ತ್ರಕ್ರಿಯೆಗಳ ಆಧಾರದಲ್ಲಿ ಕತ್ತಿನ ಗ್ರಂಥಿಗಳನ್ನು ಒಂದೇ ತುಂಡಾಗಿ ತೆಗೆಯುವ ವಿಧಾನ ಬರೆದ. ತಲೆ ಕತ್ತಿನ ಕ್ಯಾನ್ಸರ್ ಬಹುಕಾಲ ಕತ್ತಿನಲ್ಲೇ ಇರುತ್ತೆ, ದೂರ ಹೋಗೋದು ತಡ ಅನ್ನೋದು ಅವನ ತರ್ಕ. ಗಂಟು ಕಾಣೋದಕ್ಕೆ ಮೊದಲೇ ತೆಗೀಬೇಕೋ, ಕಾದು ತೆಗೀಬೇಕೋ ಅನ್ನೋದು ನೂರು ವರ್ಷ ಜಗಳವಾಗೇ ಉಳಿಯಿತು. ತೀರ್ಮಾನ ಬಂದದ್ದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಿಂದ, 2015ರಲ್ಲಿ. ಆರಂಭದ ಹಂತದ ಬಾಯಿ ಕ್ಯಾನ್ಸರಿನ 500 ರೋಗಿಗಳ ಲೆಕ್ಕ. ಮೊದಲೇ ತೆಗೆದವರಲ್ಲಿ 3 ವರ್ಷಕ್ಕೆ ಬದುಕಿದ್ದವರು ನೂರಕ್ಕೆ 80, ಕಾದು ತೆಗೆದವರಲ್ಲಿ 67.5.

ಅದೇ ವರದಿಯಲ್ಲಿ ಇನ್ನೊಂದು: ಗಡ್ಡೆಯ ಆಳ 3 ಮಿ.ಮೀ. ಅಥವಾ ಕಡಿಮೆ ಇದ್ದವರಿಗೆ ಮೊದಲೇ ತೆಗೆದು ಲಾಭ ಕಾಣಲಿಲ್ಲ.

ಸ್ಲೈಡ್‌ಬಾಕ್ಸ್

ಆ 3 ಮಿ.ಮೀ. ಅಳೆಯೋದರಲ್ಲೇ ಎಡವಟ್ಟು ಆಗುತ್ತೆ, ಅದಕ್ಕೆ ಒಂದು ಮಾತು. ಆಳ ಬೇರೆ, ದಪ್ಪ ಬೇರೆ. ಗಡ್ಡೆಯ ಪಕ್ಕದ ಆರೋಗ್ಯವಂತ ಒಳಚರ್ಮದ ತಳಪೊರೆಯ ಮಟ್ಟಕ್ಕೆ ಒಂದು ಅಡ್ಡಗೆರೆ ಊಹಿಸಿಕೊಳ್ಳಿ, ಅಲ್ಲಿಂದ ನೆಟ್ಟಗೆ ಕೆಳಕ್ಕೆ, ಕ್ಯಾನ್ಸರ್ ಕೋಶ ಇಳಿದಿರುವ ಕಟ್ಟಕಡೆಯ ಬಿಂದುವಿನವರೆಗೆ ಅಳೆಯಿರಿ. ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬಿದ ಗಡ್ಡೆಯನ್ನು ತುದಿಯಿಂದ ಅಳೆದರೆ 2 ಮಿ.ಮೀ. ಇರೋದು 8 ಆಗಿ ಬರುತ್ತೆ, ರೋಗಿಗೆ ಬೇಡದ ಕತ್ತಿನ ಶಸ್ತ್ರಕ್ರಿಯೆ. ಹುಣ್ಣಾಗಿ ಗುಳಿ ಬಿದ್ದದ್ದನ್ನು ಗುಳಿಯ ತಳದಿಂದ ಅಳೆದರೆ 5 ಇರೋದು 2 ಆಗುತ್ತೆ, ಅದು ಇನ್ನೂ ಅಪಾಯ. ತುಂಡನ್ನು ಓರೆಯಾಗಿ ಕೂರಿಸಿ ಕೊಯ್ದಿದ್ದರೆ ಯಾವ ಅಳತೆಯೂ ಸರಿ ಬರೋದಿಲ್ಲ, ತುಂಡು ಕೂರಿಸಿದ ಮೇಣದ ಬ್ಲಾಕ್ ತಿರುಗಿಸಿ ಮತ್ತೆ ಕೊಯ್ಯಿಸಿ.